ಜಪಾನಿ ಭಾಷೆಗೂ ಸಮುರಾಯ್ ಲೋಕಕ್ಕೂ ಪುಸ್ತಕಗಳ ದಾರಿ

ಕೇಳುಗರೇ, ನಮಸ್ಕಾರ.

ಜಪಾನಿ ಭಾಷೆ ಕಲಿಯಲು ಹೊರಡುವ ನಮ್ಮ ತರುಣರಲ್ಲಿ ಹಲವರನ್ನು ಮೊದಲು ಸೆಳೆಯುವುದು ಸಮುರಾಯ್ ಯೋಧರ ಕಥೆ. ಭಾಷೆಗಾಗಲಿ, ಆ ಯೋಧರ ಬಾಳನ್ನು ತಿಳಿಯುವುದಕ್ಕಾಗಲಿ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳುವ ಮುನ್ನ ಅದನ್ನು ಯಾರು, ಯಾವಾಗ, ಯಾರಿಗಾಗಿ ಬರೆದರೆಂದು ವಿಚಾರಿಸಿಕೊಳ್ಳಬೇಕೆಂಬುದು ನನ್ನ ಆಗ್ರಹ.

ಭಾಷೆಯ ಪಠ್ಯಗಳಲ್ಲಿ ಎರಡು ಹೆಸರುಗಳು ಎಲ್ಲೆಡೆ ಕೇಳಿಬರುತ್ತವೆ. 'ಗೆಂಕಿ' ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತದೆ. 'ಮಿನ್ನಾ ನೋ ನಿಹೊಂಗೊ'ದ ಮೂಲಪಾಠವೆಲ್ಲ ಜಪಾನಿಯಲ್ಲೇ ಇದ್ದು, ಅನುವಾದ ಮತ್ತು ವ್ಯಾಕರಣದ ಟಿಪ್ಪಣಿ ಬೇರೆ ಸಂಪುಟದಲ್ಲಿರುತ್ತದೆ. ಕಲಿಸುವವರೊಬ್ಬರು ಜೊತೆಗಿದ್ದರೆ ಕನ್ನಡಿಗರಿಗೆ ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ. ಜಪಾನಿಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಹಿಂದೆ ಸೇರುವುದು, 'ನಿನ್ನೆ ಓದಿದ ಪುಸ್ತಕ' ಎಂಬಂತೆ ವಿಶೇಷಣ ಮುಂದೆ ನಿಲ್ಲುವುದು, ಇವೆಲ್ಲ ನಮಗೆ ಹುಟ್ಟಿನಿಂದ ಬಂದ ನಡೆ. ಇಂಗ್ಲಿಷಿನ ಮೂಲಕ ಸುತ್ತಿ ಬರಬೇಕಾಗಿಲ್ಲ. ಜಪಾನಿಯ ಉಚ್ಚಾರಾಕ್ಷರ ಲಿಪಿಯಾದ ಹಿರಗಾನಾದ 46 ಮೂಲಾಕ್ಷರಗಳನ್ನು ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದು ಜೋಡಿಸಿರುವ ಕ್ರಮದಲ್ಲೂ ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದ ಪ್ರಭಾವವಿದೆ. ಆದರೆ ನಿತ್ಯಬಳಕೆಗೆಂದು ಸರ್ಕಾರ ಗೊತ್ತುಮಾಡಿರುವ 2136 ಕಾಂಜಿಗಳಿಗೆ, ಅಂದರೆ ಚೀನೀ ಮೂಲದ ಲಿಪಿಚಿಹ್ನೆಗಳಿಗೆ, ಒಳದಾರಿಯಿಲ್ಲ. ದಿನವೂ ಕೈಯಲ್ಲಿ ಬರೆದು ತಿದ್ದುವುದೇ ದಾರಿ.

ಇನ್ನು ಸಮುರಾಯ್‌ಗಳ ವಿಷಯ. ಹೆಚ್ಚಿನವರು ಮೊದಲು ಓದುವುದು ನಿತೊಬೆ ಇನಾಜೊ ಅವರ 'ಬುಶಿದೊ'ವನ್ನು, ಅಂದರೆ 'ಯೋಧನ ಮಾರ್ಗ'ವನ್ನು. 1900ರ ಹೊತ್ತಿಗೆ ಅಮೆರಿಕದಲ್ಲಿ ಪ್ರಕಟವಾದ ಈ ಕೃತಿಯನ್ನು ಅವರು ಪಾಶ್ಚಾತ್ಯ ಓದುಗರಿಗಾಗಿ ಇಂಗ್ಲಿಷಿನಲ್ಲೇ ಬರೆದರು. 1862ರಲ್ಲಿ ಸಮುರಾಯ್ ಮನೆತನದಲ್ಲಿ ಹುಟ್ಟಿದ ನಿತೊಬೆ, 1876ರಲ್ಲಿ ಖಡ್ಗಧಾರಣೆ ನಿಷೇಧವಾದಾಗ ಇನ್ನೂ ಹುಡುಗರು. ಕಳೆದುಹೋದ ಲೋಕವನ್ನು ಹೊರಗಿನವರಿಗೆ ಗೌರವದಿಂದ ಪರಿಚಯಿಸುವ ಪುಸ್ತಕವಾಗಿ ಅದು ಅಮೂಲ್ಯ; ಯುದ್ಧಕಾಲದ ಯೋಧರು ಹೇಗೆ ಬಾಳಿದರೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಹಿಡಿಯಲಾಗದು.

'ಹಗಾಕುರೆ' ಎಂಬ ಸಮುರಾಯ್ ಉಪದೇಶಗಳ ಸಂಗ್ರಹವನ್ನೂ ಇದೇ ಎಚ್ಚರದಿಂದ ಓದಬೇಕು. ಸಾವನ್ನು ಸದಾ ಎದುರಿಗಿಟ್ಟುಕೊಳ್ಳುವಂತೆ ಹೇಳುವ ಯಾಮಾಮೊತೊ ತ್ಸುನೆತೊಮೊ, ಸಾಗಾ ಸಂಸ್ಥಾನದಲ್ಲಿ ಸೇವೆ ಮಾಡಿ, ಒಡೆಯ 1700ರಲ್ಲಿ ತೀರಿಕೊಂಡ ಮೇಲೆ ಸನ್ಯಾಸ ಹಿಡಿದವರು. ಅವರು ಹೇಳಿದ್ದನ್ನು ಕಿರಿಯ ಸಮುರಾಯ್ ಒಬ್ಬರು ಬರೆದು 1716ರಲ್ಲಿ ಮುಗಿಸಿದರು. ದೇಶದ ಆಳ್ವಿಕೆ ಯಾರದೆಂದು ನಿರ್ಧರಿಸಿದ 1600ರ ಸೆಕಿಗಹಾರ ಕದನ ಕಳೆದು ಆಗಲೇ ಶತಮಾನ ಮೀರಿತ್ತು; ತ್ಸುನೆತೊಮೊ ರಣರಂಗ ಕಂಡವರಲ್ಲ. ಕತ್ತಿಗೆ ಕೆಲಸವಿಲ್ಲದ ದಿನಗಳಲ್ಲಿ ಯೋಧನೆಂಬ ಹೆಸರಿಗೆ ಅರ್ಥ ಹುಡುಕುತ್ತಿದ್ದವರ ಆ ತಳಮಳವೇ ನನ್ನನ್ನು ಗಾಢವಾಗಿ ತಟ್ಟುತ್ತದೆ. ನಿಜವಾಗಿ ಕತ್ತಿ ಹಿಡಿದು ಕಾದವನ ಮಾತು ಬೇಕೆಂದರೆ, 1645ರಲ್ಲಿ ತೀರಿಕೊಳ್ಳುವ ಮುನ್ನ ಮಿಯಾಮೊತೊ ಮುಸಾಶಿ ಬರೆದ 'ಗೊ ರಿನ್ ನೋ ಶೊ' ಇದೆ. ಭೂಮಿ, ನೀರು, ಬೆಂಕಿ, ಗಾಳಿ, ಶೂನ್ಯ ಎಂಬ ಐದು ಭಾಗಗಳ ಆ ಪುಸ್ತಕದಲ್ಲಿ ಹೆಜ್ಜೆ, ನೋಟ, ಹಿಡಿತ, ಲಯಗಳ ಪಾಠವೇ ಪ್ರಧಾನ.

ಇವೆಲ್ಲಕ್ಕಿಂತ ಮೊದಲು ಓದಬೇಕಾದದ್ದೆಂದು ನಾನು ಹೇಳುವುದು ಮುಂದೆ ಲೇಖಕರೂ ಶಿಕ್ಷಣತಜ್ಞರೂ ಆಗಿ ಹೆಸರಾದ ಫುಕುಜಾವಾ ಯುಕಿಚಿ ಅವರ ಆತ್ಮಕಥೆಯನ್ನು. ಕೆಳದರ್ಜೆಯ ಸಮುರಾಯ್ ಮನೆಯ ಮಗನಾಗಿ ಅವರು ಕಂಡ ಬಡತನ, ಹುಟ್ಟಿನ ಮೇಲೆ ನಿಂತ ಮೇಲುಕೀಳು, ಒಸಾಕಾದ ಗುರುಮನೆಯಲ್ಲಿ ಡಚ್ ಕಲಿತ ಹಟ, ಎಲ್ಲವೂ ಅದರಲ್ಲಿ ನೇರವಾಗಿ ಬಂದಿವೆ. 1859ರಲ್ಲಿ ಯೊಕೊಹಾಮಾಕ್ಕೆ ಹೋದಾಗ ಅಂಗಡಿಗಳ ಫಲಕಗಳನ್ನೂ ಓದಲಾಗದೆ, ಕಷ್ಟಪಟ್ಟು ಕಲಿತ ಡಚ್ ಅಲ್ಲಿ ನಡೆಯದೆಂದು ಅರಿತು, ಎದೆಗುಂದಿದರೂ ಬೇಗನೆ ಚೇತರಿಸಿಕೊಂಡು ಅವರು ಇಂಗ್ಲಿಷನ್ನು ಮೊದಲಿನಿಂದ ಕಲಿಯಲಾರಂಭಿಸಿದರು. ನಮಸ್ಕಾರ.