ಗಂಜಲ ಬಿದ್ದ ನೆಲದಿಂದ ಏಳುವ ಅನಿಲ

ಮಾನ್ಯರೇ,

ಜಾನುವಾರು ಮತ್ತು ಹವಾಮಾನದ ಮಾತು ಬಂದಾಗಲೆಲ್ಲ ನಮ್ಮ ಗಮನ ಹಸುವಿನ ತೇಗಿನ ಕಡೆಗೇ ಹೋಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಹುಟ್ಟುವ ಮೀಥೇನ್ ದೊಡ್ಡ ಪ್ರಮಾಣದ್ದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂದು ಮಾತನಾಡಬೇಕೆಂದುಕೊಂಡಿರುವುದು ಅದೇ ಪ್ರಾಣಿಯ ಹಿಂಬದಿಯ ವ್ಯವಹಾರವನ್ನು ಕುರಿತು, ಅದರಲ್ಲೂ ಮೇಯುವ ದನ ತಾನೇ ಸಗಣಿ ಗಂಜಲ ಹಾಕಿದ ಹುಲ್ಲುಗಾವಲಿಗೆ ನಾವು ಮತ್ತೆ ಕೊಟ್ಟಿಗೆಯ ಗೊಬ್ಬರವನ್ನೂ ಹರಡಿದಾಗ ಏಳುವ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಕುರಿತು.

ದನ ಮೇವಿನಲ್ಲಿ ತಿಂದ ಸಾರಜನಕದಲ್ಲಿ ಶೇಕಡಾ 70ರಿಂದ 90ರಷ್ಟು ಹೊರಗೇ ಬರುತ್ತದೆ. ಮೇವಿನಲ್ಲಿ ಪ್ರೋಟೀನ್ ಹೆಚ್ಚಿದಷ್ಟೂ ಈ ಹೆಚ್ಚುವರಿ ಭಾಗ ಯೂರಿಯಾ ರೂಪದಲ್ಲಿ ಗಂಜಲದ ಪಾಲಾಗುತ್ತದೆ. ಹಸುವೊಂದು ಒಮ್ಮೆ ಗಂಜಲ ಹುಯ್ದ ಅರ್ಧ ಚದರ ಮೀಟರಿಗೂ ಚಿಕ್ಕದಾದ ಜಾಗದಲ್ಲಿ, ಹೆಕ್ಟೇರಿಗೆ 500ರಿಂದ 1000 ಕಿಲೋಗ್ರಾಂ ಸಾರಜನಕ ಹಾಕಿದಷ್ಟು ಸಾಂದ್ರತೆ ಇರಬಹುದು. ಯಾವ ಹುಲ್ಲೂ ಅಷ್ಟನ್ನು ಹೀರಿಕೊಳ್ಳಲಾರದು.

ಉಳಿದದ್ದು ಸೂಕ್ಷ್ಮಾಣುಜೀವಿಗಳ ಪಾಲು. ಯೂರಿಯಾ ಒಡೆದು ಅಮೋನಿಯಂ ಆಗುತ್ತದೆ; ಗಾಳಿಯಾಡುವ ಮಣ್ಣಿನಲ್ಲಿ ಅದು ನೈಟ್ರೇಟ್ ಆಗುತ್ತದೆ; ಮಳೆ ಬಂದು ಮಣ್ಣಿನ ರಂಧ್ರಗಳು ನೀರಿನಿಂದ ತುಂಬಿಕೊಂಡು ಆಮ್ಲಜನಕಕ್ಕೆ ಬರ ಬಂದರೆ ಕೆಲವು ಬ್ಯಾಕ್ಟೀರಿಯಾಗಳು ಅದೇ ನೈಟ್ರೇಟನ್ನು ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಈ ಕ್ರಿಯೆ ಕೊನೆಯವರೆಗೂ ನಡೆದರೆ ಹೊರಡುವುದು ನಿರಪಾಯಕಾರಿ ಸಾರಜನಕ ಅನಿಲ, ನಡುವೆಯೇ ನಿಂತರೆ ನೈಟ್ರಸ್ ಆಕ್ಸೈಡ್. ಸಾಮಾನ್ಯವಾಗಿ ರಂಧ್ರಗಳ ಶೇಕಡಾ 60ರಿಂದ 80ರಷ್ಟು ಭಾಗ ನೀರು ತುಂಬಿರುವಾಗ ಅದು ಅತಿ ಹೆಚ್ಚು ಹೊರಬೀಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಬಿಸಿ ಹಿಡಿಯುತ್ತದೆ. ಓಝೋನ್ ಪದರಕ್ಕೂ ಹಾನಿ ಮಾಡುತ್ತದೆ.

ಸಗಣಿಯ ಮೀಥೇನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಯಲಲ್ಲಿ ಬಿದ್ದ ಸಗಣಿ ಒಣಗುತ್ತದೆ, ಸಗಣಿ ಹುಳುಗಳು ಅದನ್ನು ಕೊರೆದು ಗಾಳಿಯಾಡಿಸುತ್ತವೆ, ಮೀಥೇನ್ ಅಲ್ಪವೇ ಹುಟ್ಟುತ್ತದೆ. ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಕೊಳೆತ ಬಗ್ಗಡದ, ಅಂದರೆ ಸಗಣಿ, ಗಂಜಲ, ನೀರು ಕಲೆತ ತೆಳು ಗೊಬ್ಬರದ, ಕಥೆಯೇ ಬೇರೆ: ಅದರ ಮೀಥೇನ್ ಬಹುಪಾಲು ತೊಟ್ಟಿಯಲ್ಲಿರುವಾಗಲೇ ಹೋಗಿರುತ್ತದೆ. ಆದ್ದರಿಂದ ಬಗ್ಗಡ ಹರಡಿದ ಹುಲ್ಲುಗಾವಲಿನಲ್ಲಿ ಮೀಥೇನ್ ಕಡಿಮೆಯೆಂದು ಸಮಾಧಾನಪಡುವುದು, ನನ್ನ ದೃಷ್ಟಿಯಲ್ಲಿ, ಅರ್ಧ ಲೆಕ್ಕವಷ್ಟೇ.

ಇನ್ನು ಅಂಕಿಗಳು. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿಯಂತೆ, ಹುಲ್ಲುಗಾವಲಿನಲ್ಲಿ ದನ ವಿಸರ್ಜಿಸಿದ ಸಾರಜನಕದಲ್ಲಿ ಶೇಕಡಾ 2ರಷ್ಟು ನೈಟ್ರಸ್ ಆಕ್ಸೈಡಾಗಿ ಹೋಗುತ್ತದೆ. 2019ರ ಪರಿಷ್ಕರಣೆಯಲ್ಲಿ ಅದು ಶೇಕಡಾ 0.4ಕ್ಕೆ ಇಳಿಯಿತು, ತೇವದ ಹವೆಗೆ 0.6, ಒಣ ಹವೆಗೆ 0.2. ದನ ವಿಸರ್ಜಿಸಿದ 100 ಕಿಲೋಗ್ರಾಂ ಸಾರಜನಕಕ್ಕೆ ಇದನ್ನು ಅನ್ವಯಿಸಿ ನೋಡಿದರೆ, ಹಳೆಯ ಲೆಕ್ಕದಲ್ಲಿ ಸುಮಾರು 858 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ, ಹೊಸದರಲ್ಲಿ 172. ಹಿಂಡೂ ಅದೇ, ಗೋಮಾಳವೂ ಅದೇ! ಇದರಲ್ಲಿ ಮೋಸವೇನೂ ಇಲ್ಲ. ಅಳತೆಗಳು ಹೆಚ್ಚಿದವು, ಅಂದಾಜು ತಿದ್ದಿಕೊಂಡಿತು. ಆದರೆ ಸರಾಸರಿಯು ಮಳೆಯ ಮರುದಿನ ಒಂದು ಗಂಜಲದ ಕಲೆಯಿಂದ ಏಳುವ ಅನಿಲವನ್ನೂ ಪಕ್ಕದ ಒಣ ನೆಲದ ಮೌನವನ್ನೂ ಒಂದೇ ಮಾಡಿಬಿಡುತ್ತದೆ.

ಅದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿದೆ. ಮೇಯುವಾಗ ಬಿದ್ದದ್ದು ಒಂದು ಕಲಮಿನಲ್ಲಿ, ನಾವು ಹರಡಿದ ಗೊಬ್ಬರ ಮತ್ತೊಂದರಲ್ಲಿ. ಎರಡನ್ನೂ ಬೇರೆ ಬೇರೆ ಲೆಕ್ಕಹಾಕಿ ಕೂಡುತ್ತೇವೆ. ಮಣ್ಣಿಗೆ ಕಲಮುಗಳ ಪರಿಚಯವಿಲ್ಲ. ಬಗ್ಗಡದಲ್ಲಿ ಸುಲಭವಾಗಿ ಕೊಳೆಯುವ ಇಂಗಾಲವಿರುತ್ತದೆ, ಗಂಜಲದ ಕಲೆಯಲ್ಲಿ ನೈಟ್ರೇಟ್ ಇರುತ್ತದೆ. ಒದ್ದೆ ನೆಲದಲ್ಲಿ ಇವೆರಡೂ ಕೂಡಿದರೆ ಬ್ಯಾಕ್ಟೀರಿಯಾಗಳಿಗೆ ಉಣ್ಣಲೂ ಉಸಿರಾಡಲೂ ಏನೂ ಕಡಿಮೆಯಾಗದು.

ಪರಿಹಾರಗಳಿಗೂ ತಮ್ಮದೇ ತೊಡಕುಗಳಿವೆ. ಬಗ್ಗಡವನ್ನು ಮೇಲೆ ಎರಚಿದರೆ ಅಮೋನಿಯ ಹಾರಿಹೋಗಿ, ಬೇರೆಡೆ ಬಿದ್ದು, ಅದರಲ್ಲಿ ಒಂದಂಶ ಅಲ್ಲಿ ನೈಟ್ರಸ್ ಆಕ್ಸೈಡ್ ಆಗುತ್ತದೆ. ಮಣ್ಣು ಸೀಳಿ ಒಳಗೆ ಬಿಟ್ಟರೆ ಅಮೋನಿಯ ಉಳಿದರೂ ನೈಟ್ರಸ್ ಆಕ್ಸೈಡ್ ಹೆಚ್ಚಬಹುದು. ಅಮೋನಿಯಂ ನೈಟ್ರೇಟ್ ಆಗುವುದನ್ನು ತಡೆಯುವ ಡೈಸಯಾನೊಡೈಅಮೈಡ್ ಎಂಬ ರಾಸಾಯನಿಕವನ್ನು ನ್ಯೂಜಿಲೆಂಡಿನ ಹುಲ್ಲುಗಾವಲುಗಳಲ್ಲಿ ಬಳಸುತ್ತಿದ್ದರು. ಹಾಲಿನಲ್ಲಿ ಅದರ ಅಂಶ ಕಂಡದ್ದರಿಂದ 2013ರಲ್ಲಿ ಮಾರಾಟ ನಿಂತಿತು.

ನನಗೆ ಹೆಚ್ಚು ಭರವಸೆ ಇರುವುದು ಸಾದಾ ಕ್ರಮಗಳಲ್ಲಿ. ಮೇವಿನಲ್ಲಿ ಪ್ರೋಟೀನ್ ಅಗತ್ಯಕ್ಕೆ ಮೀರದಿರಲಿ. ನೆನೆದ ನೆಲಕ್ಕಾಗಲಿ ಮೋಡ ಕವಿದಾಗಲಾಗಲಿ ಗೊಬ್ಬರ ಹರಡುವುದು ಬೇಡ. ಮೇಯಿಸಿದ ಮೇಲೆ ಹರಡುವ ಮುನ್ನ ಕೆಲವು ವಾರ ಬಿಡೋಣ. ಗೊಬ್ಬರದಿಂದ ಬಂದ ಸಾರಜನಕದಷ್ಟನ್ನು ಚೀಲದ ರಸಗೊಬ್ಬರದಿಂದ ಕಳೆಯೋಣ. ನೀರಿನ ತೊಟ್ಟಿ, ಮರದ ನೆರಳು, ಬೇಲಿಯ ಬಾಗಿಲುಗಳ ಬಳಿ ಹಿಂಡು ಗುಂಪುಗೂಡಿ ನಿಂತು ಆ ನೆಲಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚನ್ನು ಈಗಾಗಲೇ ಹಾಕಿರುತ್ತದೆ. ಆ ಜಾಗಗಳನ್ನು ಬಿಟ್ಟು ಹರಡಲು ಹೊಸ ಯಂತ್ರವೇನೂ ಬೇಕಾಗಿಲ್ಲ.