ಮಹಾವೀರಾಚಾರ್ಯರ ಒಂದು ಸಂಖ್ಯೆ: 12345654321
(ಕಲಬುರಗಿಯ ಗಣಿತ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸ)

ಗೆಳೆಯರೇ,

ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರ ಗುಣಾಕಾರದ ಲೆಕ್ಕಗಳಲ್ಲಿ ಒಂದು: 27994681 × 441 = 12345654321. ಇದನ್ನು ಚಮತ್ಕಾರವೆಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋಗುವುದು ರೂಢಿ. ಅಷ್ಟಕ್ಕೇ ಬಿಟ್ಟರೆ ಮಕ್ಕಳಿಗೆ ಅನ್ಯಾಯ; ಕಾರಣವೇ ಇದರ ಸೊಗಸು.

ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿ: 12, 345, 654, 321. ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತ ಹೋಗಿ: 321 − 654 + 345 − 12 = 0. ಹೀಗೆ ಸೊನ್ನೆ ಬಂದರೆ ಸಂಖ್ಯೆ 1001ರಿಂದ, ಅಂದರೆ 7, 11, 13 ಮೂರರಿಂದಲೂ ಭಾಗವಾಗುತ್ತದೆ. ಭಾಗಿಸಿ: 12333321. ಬಹಳ ಜನ ಇಲ್ಲಿಗೇ ನಿಲ್ಲಿಸಿ, 7 ಒಂದೇ ಸಲ ಇದೆ ಎಂದುಕೊಳ್ಳುತ್ತಾರೆ. ಪರೀಕ್ಷೆ ಭಾಜಕವನ್ನು ಹೇಳುತ್ತದೆ, ಅದರ ಘಾತವನ್ನು ಹೇಳುವುದಿಲ್ಲ. ಭಾಗಲಬ್ಧವನ್ನೂ ಮತ್ತೆ ಪರೀಕ್ಷಿಸಬೇಕು: 321 − 333 + 12 = 0. ಇನ್ನೊಮ್ಮೆ 1001ರಿಂದ ಭಾಗಿಸಿದರೆ 12321, ಅದು 111ರ ವರ್ಗ. 111 ಎಂದರೆ 3 × 37. ಹೀಗಾಗಿ ನಮ್ಮ ಸಂಖ್ಯೆ 3² × 7² × 11² × 13² × 37², ಅಂದರೆ 111111ರ ವರ್ಗ. ಆಚಾರ್ಯರ ಎರಡು ಗುಣಕಗಳೂ ವರ್ಗಗಳೇ: 441 = 21², 27994681 = 5291².

ಇವೇ ಐದು ಅವಿಭಾಜ್ಯಗಳು ಏಕೆ? 111111ರ ಒಂಬತ್ತರಷ್ಟಾದ 999999 = 3³ × 7 × 11 × 13 × 37. 111111ರ ಅಂಕಿಗಳ ಮೊತ್ತ 6 ಆದ್ದರಿಂದ 3 ಅದರಲ್ಲಿದೆ. ಉಳಿದ ನಾಲ್ಕನ್ನು ನೋಡಿ: 1/7 ಮತ್ತು 1/13ರ ದಶಮಾಂಶ ಆರಾರು ಅಂಕಿಗೆ, 1/37ರದು ಮೂರಕ್ಕೆ, 1/11ರದು ಎರಡಕ್ಕೆ ಮರುಕಳಿಸುತ್ತದೆ. ಈ ಉದ್ದಗಳೆಲ್ಲ 6ನ್ನು ಭಾಗಿಸುವುದರಿಂದಲೇ ಅವು ಆರು ಒಂದುಗಳ ಸಂಖ್ಯೆಯೊಳಗೆ ಕೂಡುತ್ತವೆ.

ಏರಿಳಿತದ ಗುಟ್ಟು ವರ್ಗ ಮಾಡುವ ಕ್ರಮದಲ್ಲಿದೆ. 111111ನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಆರು ಸಲ ಬರೆದು ಕೂಡಿದರೆ, ನಡುವಿನ ಕಂಬಸಾಲಿನಲ್ಲಿ ಆರು ಒಂದುಗಳು ಬೀಳುತ್ತವೆ, ದಶಕ ಏರುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ. ಹತ್ತಾದಾಗ ನಡುವಿನ ಮೊತ್ತ 10, ದಶಕ ಏರಿ ಅಂದ ಕೆಡುತ್ತದೆ: 1234567900987654321.

ಇನ್ನು 12345654321ರ ಭಾಜಕಗಳ ಸಂಖ್ಯೆ 3⁵ = 243, ಅವುಗಳ ಮೊತ್ತ 25375524993. ಇದು ಸಂಖ್ಯೆಯ ಇಮ್ಮಡಿಯಾದ 24691308642ಕ್ಕಿಂತ ಹೆಚ್ಚು. ಬೆಸ ಸಂಖ್ಯೆಯೊಂದು ಹೀಗೆ ಸಮೃದ್ಧ ಸಂಖ್ಯೆಯಾಗುವುದು ಅಪರೂಪ. ಅಂಥವುಗಳಲ್ಲಿ ಅತಿ ಚಿಕ್ಕದು 945.

ಕಂಪ್ಯೂಟರಿನಲ್ಲಿ ಪರೀಕ್ಷಿಸುವವರು 32 ಬಿಟ್‌ನ ಪೂರ್ಣಾಂಕ ಬಳಸಬೇಡಿ. ಈ ಸಂಖ್ಯೆ ಅದರಲ್ಲಿ ಹಿಡಿಸದೆ ಸಾಮಾನ್ಯವಾಗಿ −539247567 ಎಂದು ಕಾಣುತ್ತದೆ. 64 ಬಿಟ್ ಸಾಕು. ಸ್ಪ್ರೆಡ್‌ಶೀಟ್ 15 ಅಂಕಿಗಳನ್ನಷ್ಟೇ ನೆಚ್ಚಿಕೆಯಾಗಿ ಹಿಡಿಯುವುದರಿಂದ, ಹತ್ತು ಒಂದುಗಳ ವರ್ಗವನ್ನು ಕಾಗದದ ಮೇಲೆಯೇ ಮಾಡಿ.