ಪಾಲಕರಿಗೆ ಕಾಳಜಿ ಇಲ್ಲ ಅನ್ನೋ ಮೊದಲು ಆ ಮನೆಗೆ ಹೋಗಿ ಬನ್ನಿ

ನಮಸ್ಕಾರ ರೀ ಎಲ್ಲರಿಗೂ. ಇಳಕಲ್ಲಿನಿಂದ ನಿಮ್ಮ ಕನ್ನಡ ಸಾಲಿ ಅಕ್ಕೋರು ಮಾತಾಡ್ತಾ ಇದ್ದೇನೆ. ಇವತ್ತು ಹುಣಸೆ ಬೀಜದ ಲೆಕ್ಕದ ಎರಡನೇ ಭಾಗ ಹಾಕ್ತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರ ಬರುತ್ತದೆ. ಇವತ್ತು ಬೇರೆ ಮಾತಿದೆ. ಅದನ್ನು ಆಡದೇ ಇದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮೊನ್ನೆ ಶನಿವಾರ ಒಂದು ಸಭೆ ಇತ್ತು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರಿದ್ದೆವು. ಮೂರನೇ ತರಗತಿಯ ಮಕ್ಕಳು ಓದುವುದರಲ್ಲಿ ಯಾಕೆ ಹಿಂದೆ ಬಿದ್ದಿದ್ದಾರೆ ಅಂತ ಮಾತು ಬಂತು. ಒಬ್ಬರು ಎದ್ದು ನಿಂತರು. "ನಾವಾದರೂ ಏನು ಮಾಡೋಣ ಸರ್, ಈ ಪಾಲಕರಿಗೆ ಮಕ್ಕಳ ಬಗ್ಗೆ ಕಾಳಜಿನೇ ಇಲ್ಲ" ಅಂದರು. ಎಲ್ಲರೂ ತಲೆ ಆಡಿಸಿದರು. ಅಲ್ಲಿಗೆ ಮಾತು ಮುಗಿಯಿತು, ಮುಂದಿನ ವಿಷಯಕ್ಕೆ ಹೋದರು.

ಊಟಕ್ಕೆ ಬಿಟ್ಟಾಗ ನಾನು ಅವರನ್ನು ಕೇಳಿದೆ. ಸರ್, ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳ ಮನೆ ನೋಡಿದ್ದೀರಿ? "ಮನೆಗೆ ಯಾಕೆ ಹೋಗಬೇಕು ಮೇಡಂ, ಫೋನ್ ನಂಬರ್ ಇದೆಯಲ್ಲ" ಅಂದರು.

ಫೋನ್ ನಂಬರ್ ಇದೆಯಂತೆ! ಆ ಮಾತು ಕೇಳಿ ಬಂದಾಗಿನಿಂದ ನನ್ನ ಮನಸ್ಸು ನೆಟ್ಟಗಿಲ್ಲ. ನಾನು ಹೇಳುವುದು ಒಂದೇ. ಪಾಲಕರಿಗೆ ಕಾಳಜಿ ಇಲ್ಲ ಅನ್ನಬೇಕೆಂದರೆ ಮೊದಲು ಆ ಮನೆಗೆ ಹೋಗಿ ಬನ್ನಿ. ಹೋಗಿ ಬಂದ ಮೇಲೆ ಆ ಮಾತು ನಿಮ್ಮ ಬಾಯಿಂದ ಬಂದರೆ ಆಗ ನಾನೂ ಕೇಳುತ್ತೇನೆ.

ಒಂದು ಮನೆಯ ಕತೆ ಹೇಳ್ತೀನಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಮೂರನೇ ತರಗತಿ. ನಲಿ-ಕಲಿ ಗೊತ್ತಲ್ಲ, ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿ, 2009-10ರಿಂದ ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲೆಲ್ಲ ಇದೆ. ಅದರಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ವೇಗಕ್ಕೆ ತಕ್ಕ ಹಾಗೆ ಮೆಟ್ಟಿಲು ಹತ್ತುತ್ತದೆ. ಈ ಹುಡುಗಿ ಗಣಿತದ ಏಣಿಯಲ್ಲಿ ಕಡ ತಗೊಂಡು ಕಳೆಯುವ ಲೆಕ್ಕದ ಮೆಟ್ಟಿಲಲ್ಲಿ ನಿಂತುಬಿಟ್ಟಿದ್ದಳು. ಒಂದು ವಾರ, ಎರಡು ವಾರ, ಒಂದು ತಿಂಗಳು. ಕಡ್ಡಿ ಕೊಟ್ಟೆ, ಕಟ್ಟು ಕಟ್ಟಿಸಿದೆ, ಬಿಚ್ಚಿಸಿದೆ. ಊಹೂಂ. ಜೊತೆಗೆ ವಾರಕ್ಕೆ ಎರಡು ದಿನ ಅವಳು ಶಾಲೆಗೇ ಬರುತ್ತಿರಲಿಲ್ಲ. ಅವರ ಅವ್ವನಿಗೆ ಬರಲು ಹೇಳಿ ಕಳಿಸಿದೆ, ಬರಲಿಲ್ಲ. ಮತ್ತೆ ಹೇಳಿ ಕಳಿಸಿದೆ, ಬರಲಿಲ್ಲ. ನಾನೂ ಮನಸ್ಸಿನಲ್ಲಿ ಅಂದುಕೊಂಡೆ, ಕಾಳಜಿ ಇಲ್ಲ ಇವರಿಗೆ ಅಂತ. ಹೌದು, ನಾನೂ ಅಂದುಕೊಂಡಿದ್ದೆ.

ಒಂದಿನ ಶಾಲೆ ಬಿಟ್ಟ ಮೇಲೆ ಹೋದೆ. ಓಣಿಯ ತುದಿಗೇ ಮಗ್ಗದ ಸದ್ದು ಕೇಳುತ್ತಿತ್ತು. ಒಂದೇ ಕೋಣೆಯ ಮನೆ, ಅದರಲ್ಲಿ ಅರ್ಧ ಮಗ್ಗಕ್ಕೆ. ಅಪ್ಪ ಕುಣಿಯಲ್ಲಿ ಕಾಲು ಬಿಟ್ಟು ಕೂತು ಲಾಳಿ ಎಸೆಯುತ್ತಿದ್ದ. ಅವ್ವ ಬಾಗಿಲ ಬೆಳಕಿನಲ್ಲಿ ಕೂತು ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆ ಉಡುವವರಿಗೆ ಇದು ಗೊತ್ತಿರಬೇಕು. ಹಾಸು ಅಂದರೆ ಮಗ್ಗದ ಉದ್ದ ಎಳೆಗಳು. ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸಬೇಕು. ಒಂದೊಂದು ಸೀರೆಗೂ ಹೊಸದಾಗಿ ಜೋಡಿಸಬೇಕು. ಅರ್ಧಕ್ಕೆ ಬಿಟ್ಟು ಎದ್ದರೆ ಎಳೆ ಸಿಕ್ಕಾಗುತ್ತವೆ, ಮಗ್ಗ ನಿಲ್ಲುತ್ತದೆ, ಆ ದಿನದ ಕೂಲಿ ಹೋಗುತ್ತದೆ. ನಾನು ಹೇಳಿ ಕಳಿಸಿದ್ದು ಬೆಳಿಗ್ಗೆ 11 ಗಂಟೆಗೆ ಬಾ ಅಂತ. ಹೇಗೆ ಬರಬೇಕು ಆ ತಾಯಿ?

ಇನ್ನು ಹುಡುಗಿ. ಅವಳು ರಾಟಿ ಮುಂದೆ ಕೂತು ಕಂಡಿಕಿ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಸುತ್ತುತ್ತಿದ್ದಳು. ಪಕ್ಕದಲ್ಲಿ ಒಂದು ಬುಟ್ಟಿ. ಎಷ್ಟು ಸುತ್ತಬೇಕವ್ವಾ ಅಂತ ಸುಮ್ನೆ ಕೇಳಿದೆ. ಕೈ ನಿಲ್ಲಿಸಲೇ ಇಲ್ಲ ಅವಳು. "ನಲವತ್ತ ಸುತ್ತಬೇಕ್ರಿ ಅಕ್ಕೋರ. ಇಪ್ಪತ್ತಾರ ಆಗ್ಯಾವು. ಇನ್ನ ಹದಿನಾಕ ಅದಾವು."

40ರಲ್ಲಿ 26 ಕಳೆದರೆ 14. ಕಡ ತಗೊಂಡು ಕಳೆಯುವ ಲೆಕ್ಕ. ಒಂದು ತಿಂಗಳಿನಿಂದ ನಾನು ಹೇಳಿಕೊಡುತ್ತಿದ್ದ ಲೆಕ್ಕ! ರಾಟಿ ತಿರುಗಿಸುತ್ತಾ ಮಾಡುತ್ತಾಳೆ ಅವಳು.

ಮರುದಿನ ಹತ್ತು ಹತ್ತು ಕಂಡಿಕಿಯ ನಾಲ್ಕು ಸಾಲು ಬೋರ್ಡಿನ ಮೇಲೆ ಬರೆದೆ. ಇದರಲ್ಲಿ 26 ಸುತ್ತಿ ಆಗಿದೆ, ಉಳಿದದ್ದು ಎಷ್ಟು ಅಂದೆ. ಎರಡು ಸಾಲು ಪೂರ್ತಿ ಅಳಿಸಿದಳು. ಮೂರನೇ ಸಾಲಿನಲ್ಲಿ ಆರು ಅಳಿಸಿದಳು. ಆಮೇಲೆ ಅದನ್ನೇ ಅಂಕಿಯಲ್ಲಿ ಬರೆಸಿದೆ. ಆ ವಾರವೇ ಮೆಟ್ಟಿಲು ದಾಟಿದಳು. ಎಂಟು ವರ್ಷದ ಕೂಸು ಶಾಲೆ ಬಿಟ್ಟು ಕಂಡಿಕಿ ಸುತ್ತುವುದು ಸರಿ ಅಂತ ನಾನು ಹೇಳುತ್ತಿಲ್ಲ. ಅದರ ಬಗ್ಗೆಯೂ ಅವತ್ತೇ ಅವರ ಅಪ್ಪನ ಜೊತೆ ಮಾತಾಡಿದೆ. ಶಾಲೆ ತಪ್ಪಿಸಬೇಡ, ಸಂಜೆ ಬೇಕಾದರೆ ಸ್ವಲ್ಪ ಹೊತ್ತು ಕೈಗೂಡಿಸಲಿ ಅಂದೆ. ಒಪ್ಪಿಕೊಂಡ. ಯಾಕೆ ಒಪ್ಪಿಕೊಂಡ? ನಾನು ಅವನ ಮನೆಯಲ್ಲಿ ಚಾಪೆ ಮೇಲೆ ಕೂತು ಹೇಳಿದ್ದಕ್ಕೆ. ಫೋನಿನಲ್ಲಿ ಹೇಳಿದ್ದರೆ "ಆತ್ರೀ" ಅಂದು ಇಡುತ್ತಿದ್ದ, ಅಷ್ಟೇ.

ಅದಕ್ಕೇ ಹೇಳುವುದು, ಮನೆಗೆ ಹೋಗಿ.

ಈಗ ಕೆಲವರು ಹೇಳುತ್ತಾರೆ, ಇದೆಲ್ಲ ನಮ್ಮ ಕೆಲಸ ಅಲ್ಲ ಅಂತ. ಅಲ್ವಾ? 2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ನೋಡಿ. 24ನೇ ಕಲಂನಲ್ಲಿ ಶಿಕ್ಷಕರ ಕರ್ತವ್ಯ ಬರೆದಿದ್ದಾರೆ. ಸಮಯಕ್ಕೆ ಸರಿಯಾಗಿ ಬರಬೇಕು, ಪಠ್ಯ ಮುಗಿಸಬೇಕು ಅನ್ನುವುದರ ಜೊತೆಗೇ, ಪಾಲಕರನ್ನು ನಿಯಮಿತವಾಗಿ ಭೇಟಿಯಾಗಿ ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಆಗಿರುವ ಪ್ರಗತಿ ತಿಳಿಸಬೇಕು ಅಂತಲೂ ಇದೆ. ಪ್ರಗತಿ ತಿಳಿಸಿ ಅಂತ ಇದೆ ರೀ. ಕರೆದು ಬೈಯಿರಿ ಅಂತ ಎಲ್ಲೂ ಇಲ್ಲ. ಎಸ್‌ಡಿಎಂಸಿಯಲ್ಲಿ ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಮುಕ್ಕಾಲು ಭಾಗ ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಆದರೆ ಸದಸ್ಯೆಯ ಬದಲು ಗಂಡ ಬಂದು ಸಹಿ ಹಾಕಿ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಟೈಮ್ ಇಲ್ಲ ಅನ್ನುತ್ತಾರೆ ಇನ್ನೊಂದಿಷ್ಟು ಜನ. ಆನ್‌ಲೈನ್ ಎಂಟ್ರಿ, ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಚುನಾವಣೆ ಕೆಲಸ. ನನಗೆ ಗೊತ್ತಿಲ್ಲವೇ? ನಾನೂ ಅದನ್ನೇ ಮಾಡುತ್ತೇನೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಆಗ ನಾವು ಶಿಕ್ಷಕರೇ ಮನೆ ಮನೆ ಹತ್ತಿ ಇಳಿದೆವು. ಬಾಗಿಲಿನ ಸ್ಟಿಕರ್ ಹುಡುಕಿದೆವು, 60 ಪ್ರಶ್ನೆ ಕೇಳಿದೆವು. ಜಾತಿ ಕೇಳಿದೆವು, ಜಮೀನು ಕೇಳಿದೆವು. ನೆಟ್‌ವರ್ಕ್ ಸಿಗದಿದ್ದರೆ ಮಾಳಿಗೆ ಹತ್ತಿ ನಿಂತೆವು. ಸರ್ಕಾರ ಹೇಳಿದಾಗ ಹೋಗೋಕೆ ಕಾಲು ಇದ್ದವು. ನಮ್ಮ ತರಗತಿಯ ಮಗುವಿಗಾಗಿ ಹೋಗಬೇಕು ಅಂದಾಗ ಕಾಲು ಎಲ್ಲಿ ಹೋದವು?

ಲೆಕ್ಕ ಹೇಳ್ತೀನಿ ಕೇಳಿ. ನನ್ನ ತರಗತಿಯಲ್ಲಿ 28 ಮಕ್ಕಳು. ವಾರಕ್ಕೆ ಎರಡು ಮನೆ, ಮನೆಗೆ ಅರ್ಧ ಗಂಟೆ. 14 ವಾರ ಸಾಕು. ಜೂನ್‌ನಲ್ಲಿ ಶುರು ಮಾಡಿದರೆ ದಸರಾ ರಜೆಗೆ ಮೊದಲು ಮುಗಿಯುತ್ತದೆ. ನಿಮಗೆ 50 ಮಕ್ಕಳಿದ್ದರೆ 25 ವಾರ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಒಬ್ಬರೇ ಹೋಗೋಕೆ ಹಿಂಜರಿಕೆ ಅನ್ನುವ ಅಕ್ಕಂದಿರೇ, ಬಿಸಿಯೂಟದ ಅಡುಗೆ ಮಾಡುವ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿ. ಅವಳಿಗೆ ಊರಿನ ಪ್ರತಿ ಮಗುವಿನ ಹೊಟ್ಟೆ ಗೊತ್ತು. ಯಾರು ಬೆಳಿಗ್ಗೆ ಏನೂ ತಿನ್ನದೇ ಬರುತ್ತಾರೆ ಅಂತ ನಮಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಅಂದಹಾಗೆ ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ಬಾಗಲಕೋಟೆಯೂ ಒಂದು, ಅದು ನನಗೆ ಹೆಮ್ಮೆ.

ನನ್ನದೇ ಒಂದು ತಪ್ಪು ಹೇಳಬೇಕು. ಇದನ್ನು ಇಲ್ಲಿಯವರೆಗೆ ಯಾವ ವಿಡಿಯೋದಲ್ಲೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಬ್ಬ ಹುಡುಗಿ ಪ್ರತಿಭಾ ಕಾರಂಜಿಯಲ್ಲಿ ಕತೆ ಹೇಳಿ ಮೊದಲ ಸ್ಥಾನ ಬಂದಳು. ಮುಂದಿನ ಹಂತಕ್ಕೆ ಬೇರೆ ಊರಿಗೆ ಕರೆದುಕೊಂಡು ಹೋಗಬೇಕಿತ್ತು. ಒಂದು ಚೀಟಿ ಬರೆದು ಕೈಯಲ್ಲಿ ಕೊಟ್ಟೆ, "ನಾಳೆ ಪಾಲಕರು ಶಾಲೆಗೆ ಬರಬೇಕು." ಅಷ್ಟೇ ಬರೆದಿದ್ದೆ. ಅವರ ಅಪ್ಪ ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವವನು. ಅವನಿಗೆ ಓದಲು ಬರುವುದಿಲ್ಲ, ಪಕ್ಕದ ಮನೆಯವರಿಂದ ಓದಿಸಿದ. ಮರುದಿನ ಕೂಲಿ ಬಿಟ್ಟು ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಕೈ ಕಟ್ಟಿ ನಿಂತ. "ಏನ್ ತಪ್ಪ ಮಾಡ್ಯಾಳ್ರಿ ಅಕ್ಕೋರ? ರಾತ್ರಿನ ಬಡದೀನ್ರಿ ನಾ."

ಆ ಹುಡುಗಿ ಅವನ ಹಿಂದೆ ನಿಂತಿದ್ದಳು. ಕೆನ್ನೆ ಊದಿತ್ತು. ಮೊದಲ ಬಹುಮಾನದ ಸರ್ಟಿಫಿಕೇಟು ನನ್ನ ಟೇಬಲ್ ಮೇಲೆ ಇತ್ತು.

ಶಾಲೆಯಿಂದ ಕರೆ ಬಂತೆಂದರೆ ಮಗು ತಪ್ಪು ಮಾಡಿದೆ ಅಂತಲೇ ಅರ್ಥ, ಆ ಅಪ್ಪನಿಗೆ ಬೇರೆ ಅರ್ಥ ಗೊತ್ತಿರಲಿಲ್ಲ. ಯಾರು ಕಲಿಸಿದ್ದು ಆ ಅರ್ಥವನ್ನು? ನಾವೇ. ಒಂದು ದಿನವೂ ಒಳ್ಳೆಯ ಸುದ್ದಿ ಹೇಳೋಕೆ ನಾವು ಯಾರನ್ನೂ ಕರೆದಿರಲಿಲ್ಲ. ಅವನ ಕೈಗೆ ಸರ್ಟಿಫಿಕೇಟು ಕೊಟ್ಟೆ. ತಲೆಕೆಳಗಾಗಿ ಹಿಡಿದುಕೊಂಡು ತುಂಬಾ ಹೊತ್ತು ನೋಡಿದ. ಆಮೇಲೆ ಮಗಳ ತಲೆ ಮೇಲೆ ಕೈ ಇಟ್ಟ. ಅವತ್ತಿನಿಂದ ನಾನು ಚೀಟಿ ಬರೆಯುವುದು ಬಿಟ್ಟಿದ್ದೇನೆ. ಮೊದಲ ಸಲ ಮನೆಗೆ ಹೋದಾಗ ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿಯೇ ಬರುತ್ತೇನೆ.

ಗುಳೆ ಹೋಗುವವರ, ಅಂದರೆ ಕೂಲಿಗಾಗಿ ಊರು ಬಿಟ್ಟು ಹೋಗುವವರ ಕತೆ ಗೊತ್ತೇ ಇದೆ ನಿಮಗೆ. ಗೋವಾ, ಮಂಗಳೂರು, ಕಬ್ಬು ಕಡಿಯೋಕೆ ಮಹಾರಾಷ್ಟ್ರ. ಮಗು ಊರಲ್ಲಿ ಆಯಿ ಹತ್ತಿರ, ಅಂದರೆ ಅಜ್ಜಿ ಹತ್ತಿರ. ಪಾಲಕರ ಸಭೆಗೆ ತಂದೆ ತಾಯಿ ತಪ್ಪದೇ ಬರಬೇಕು ಅಂತ ನೋಟಿಸು ಹೋಗುತ್ತದೆ. ಯಾರೂ ಬರುವುದಿಲ್ಲ. ರಿಜಿಸ್ಟರಿನಲ್ಲಿ ಗೈರು. ಕಾಳಜಿ ಇಲ್ಲ! ಅಯ್ಯೋ, ಆ ತಾಯಿ ಇಟ್ಟಿಗೆ ಹೊರುತ್ತಿರುವುದು ಯಾರ ಸಲುವಾಗಿ?

ಅಂಥ ಒಬ್ಬ ತಾಯಿಯ ನಂಬರನ್ನು ಆಯಿಯಿಂದ ತಗೊಂಡೆ. ಹುಡುಗ ಪಾಠ ಓದುವುದನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ನಾಲ್ಕೇ ಸಾಲು, ತಡವರಿಸುತ್ತಾ ಓದಿದ್ದ. ರಾತ್ರಿ ಒಂಬತ್ತಕ್ಕೆ ಗೋವಾದಿಂದ ವಾಯ್ಸ್ ಮೆಸೇಜ್ ಬಂತು. "ಅಕ್ಕೋರ, ಇದು ನನ್ನ ಮಗಾನ ಓದಿದ್ದೇನ್ರಿ? ಅವರಪ್ಪ ಇನ್ನ ಕೆಲಸದಿಂದ ಬಂದಿಲ್ಲ, ಬಂದ ಮ್ಯಾಲ ಕೇಳಸ್ತೀನ್ರಿ. ನಾಳೆನೂ ಕಳಸ್ರಿ." ನಾಳೆನೂ ಕಳಸ್ರಿ ಅಂದಳು. ಹುಡುಗ ಮರುದಿನ ನಾನು ಬಾಗಿಲು ತೆರೆಯುವ ಮೊದಲೇ ಪುಸ್ತಕ ಹಿಡಿದು ಕಟ್ಟೆ ಮೇಲೆ ಕೂತಿದ್ದ. ಇದಕ್ಕೆ ಫೋನ್ ಸಾಕಾಯಿತಲ್ಲ ಮೇಡಂ ಅನ್ನಬೇಡಿ. ಆಯಿಯ ಮನೆಗೆ ಹೋಗದಿದ್ದರೆ ಆ ನಂಬರೇ ನನಗೆ ಸಿಗುತ್ತಿರಲಿಲ್ಲ. ಶಾಲೆಯ ದಾಖಲೆಯಲ್ಲಿದ್ದ ನಂಬರ್ ಎಂದೋ ಬಂದ್ ಆಗಿತ್ತು.

ಒಂದು ಮಾತು ಹೇಳಿಯೇ ಬಿಡ್ತೀನಿ, ಬೇಜಾರಾದರೆ ಆಗಲಿ. ಕೆಲವರು ಮನೆಗೆ ಹೋಗುತ್ತಾರೆ, ಆದರೆ ಓಣಿ ನೋಡಿ ಹೋಗುತ್ತಾರೆ. ಒಂದು ಓಣಿಯಲ್ಲಿ ಒಳಗೆ ಕೂತು ಚಹಾ ಕುಡಿಯುತ್ತಾರೆ. ಇನ್ನೊಂದು ಕೇರಿಯಲ್ಲಿ ಬೈಕಿನಿಂದ ಇಳಿಯುವುದೇ ಇಲ್ಲ, ಕೊಟ್ಟ ನೀರು ಬೇಡ ಅನ್ನುತ್ತಾರೆ. ಮಗು ಅದನ್ನು ನೋಡುತ್ತಿರುತ್ತದೆ ರೀ. ತಂಬಿಗೆ ಹಿಡಿದು ನಿಂತಿರುವುದು ಅದೇ ಮಗು. ಕೂಡಲಸಂಗಮ ಇರುವ ಜಿಲ್ಲೆ ನಮ್ಮದು, ತರಗತಿಯ ಗೋಡೆ ಮೇಲೆ ಬಸವಣ್ಣನ ಫೋಟೋ ಇದೆ. ನೀರು ಕುಡಿಯೋಕೆ ಆಗದವರು ಮನೆ ಭೇಟಿಗೆ ಹೋಗಲೇಬೇಡಿ. ನಾನು ಇಷ್ಟು ಹೊತ್ತು ಹೋಗಿ ಹೋಗಿ ಅಂದಿದ್ದು ನಿಮಗಲ್ಲ.

ಉಳಿದವರೆಲ್ಲ ಹೋಗಿ. ಈ ವಾರವೇ ಹೋಗಿ. ಸುತ್ತೋಲೆ ಬರಲಿ ಅಂತ ಕಾಯಬೇಡಿ. ಟಿಎ, ಅಂದರೆ ಪ್ರಯಾಣ ಭತ್ಯೆ, ಕೊಡುತ್ತಾರಾ ಅಂತ ಕೇಳಬೇಡಿ. ತರಗತಿಯಲ್ಲಿ ಯಾವ ಮಗುವಿನ ಮೇಲೆ ನಿಮಗೆ ಜಾಸ್ತಿ ಸಿಟ್ಟು ಬರುತ್ತದೆಯೋ ಆ ಮಗುವಿನ ಮನೆಗೇ ಮೊದಲು ಹೋಗಿ.

ಈ ವಿಡಿಯೋ ಇಷ್ಟವಾದರೆ ನಿಮ್ಮ ಶಾಲೆಯ ಗ್ರೂಪಿಗೆ ಕಳಿಸಿ, ಆ ಸಭೆಯಲ್ಲಿ ತಲೆ ಆಡಿಸಿದವರಿಗೂ ಮುಟ್ಟಲಿ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ನೀವು ಹೋದ ಮನೆಯ ಕತೆಯನ್ನು ವಾಯ್ಸ್ ಮೆಸೇಜ್ ಮಾಡಿ ನನಗೆ ಕಳಿಸಿ, ಮಗುವಿನ ಹೆಸರು ಹೇಳದೇ ಮುಂದಿನ ಸಂಚಿಕೆಯಲ್ಲಿ ಕೇಳಿಸುತ್ತೇನೆ. ಹುಣಸೆ ಬೀಜ ಕೂಡಿಸಿ ಇಟ್ಟುಕೊಳ್ಳಿ, ಮುಂದಿನ ವಾರ ಬೇಕಾಗುತ್ತವೆ.

ಇನ್ನೂ ಹೇಳುವುದಿತ್ತು, ಹೊತ್ತಾಯಿತು. ಎರಡನೇ ತರಗತಿಯ ಒಬ್ಬ ಹುಡುಗ ಮೂರು ದಿನದಿಂದ ಬಂದಿಲ್ಲ. ಅವರ ಆಯಿಯನ್ನು ನಿನ್ನೆ ಸಂತೆಯಲ್ಲಿ ಕಂಡಿದ್ದೆ. "ಆಡು ಮನಿಗೆ ಬಂದ ಮ್ಯಾಲ ಬರ್ರಿ ಅಕ್ಕೋರ, ಆವಾಗ ನಾ ಇರ್ತೀನಿ" ಅಂದಿದ್ದಾಳೆ. ಆಡು ಬರುವ ಹೊತ್ತಾಯಿತು. ಬರ್ತೀನಿ ರೀ.